ಮಗುವಿಗೆ ನೆರವಾಗುವ ಮೊದಲು ಅದರ ಮನೆಗೆ ನೆರವಾಗೋಣ

ಮಕ್ಕಳಿಗಾಗಿ ದೇಣಿಗೆ ಕೊಡಬೇಕೆಂದು ಮನಸ್ಸು ಮಾಡಿದ ಸ್ನೇಹಿತರು ಯಾವ ಸಂಸ್ಥೆಗೆ ಕೊಟ್ಟರೆ ಒಳ್ಳೆಯದು ಎಂದು ಆಗಾಗ ನನ್ನನ್ನು ಕೇಳುತ್ತಾರೆ. ಹಲವು ವರ್ಷಗಳಿಂದ ಈ ಕೆಲಸವನ್ನು ಹತ್ತಿರದಿಂದ ನೋಡುತ್ತ, ಬಿಡುವಾದಾಗ ಸ್ವಯಂಸೇವಕಿಯಾಗಿ ಕೈಜೋಡಿಸುತ್ತ ಬಂದಿರುವ ನನಗೆ ಈಗ ಒಂದು ಖಚಿತವಾದ ಅಭಿಪ್ರಾಯವಿದೆ. ಮಕ್ಕಳನ್ನು ತಂದು ಸಾಕುವ ಸಂಸ್ಥೆಗಿಂತ ಮೊದಲು, ಮಗು ಮನೆ ಬಿಟ್ಟು ಬರುವ ಪ್ರಸಂಗವೇ ಒದಗದಂತೆ ನೋಡಿಕೊಳ್ಳುವ ಸಂಸ್ಥೆಗೆ ಕೊಡಿ ಎನ್ನುತ್ತೇನೆ. ಈ ಉತ್ತರ ಕೆಲವರಿಗೆ ಸಪ್ಪೆಯೆನಿಸುತ್ತದೆ, ಏಕೆಂದರೆ ಇಂಥ ಸಂಸ್ಥೆಯ ಬಳಿ ತೋರಿಸಲು ದೊಡ್ಡ ಕಟ್ಟಡವಾಗಲಿ, ಸಾಲಾಗಿ ನಿಂತ ಮಕ್ಕಳಾಗಲಿ, ದಾನಿಗಳ ಹೆಸರು ಕೆತ್ತಿದ ಕಲ್ಲಾಗಲಿ ಇರುವುದಿಲ್ಲ. ಒಡೆಯಬೇಕಾಗಿದ್ದ ಸಂಸಾರವೊಂದು ಒಡೆಯಲಿಲ್ಲ ಎಂಬುದನ್ನು ಯಾವ ಫೋಟೊದಲ್ಲಿ ತೋರಿಸಲು ಸಾಧ್ಯ?

ಅನಾಥಾಶ್ರಮದಲ್ಲಿರುವ ಮಕ್ಕಳೆಲ್ಲ ತಂದೆತಾಯಿಯನ್ನು ಕಳೆದುಕೊಂಡವರೆಂದು ನಾವು ಭಾವಿಸಿರುತ್ತೇವೆ. ವಾಸ್ತವ ಬೇರೆ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನಾದ್ಯಂತ ಇಂಥ ಆಶ್ರಯಗಳಲ್ಲಿ ಬೆಳೆಯುತ್ತಿರುವ ಪ್ರತಿ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ, ಇಲ್ಲವೇ ಇಬ್ಬರೂ ಜೀವಂತವಾಗಿದ್ದಾರೆ. ಮನೆಯಲ್ಲಿ ದುಡಿಯುವವರೊಬ್ಬರು ಕಾಯಿಲೆ ಬಿದ್ದದ್ದು, ಮಗುವಿಗೆ ಅಂಗವೈಕಲ್ಯವಿದ್ದು ಹತ್ತಿರದಲ್ಲೆಲ್ಲೂ ಚಿಕಿತ್ಸೆ ಸಿಗದಿರುವುದು, ಗಂಡ ಬಿಟ್ಟುಹೋದ ಮೇಲೆ ಹೆಂಡತಿ ಒಬ್ಬಳೇ ಬಾಡಿಗೆ ಕಟ್ಟಲಾರದೆ ಸೋತದ್ದು, ಆಶ್ರಮಕ್ಕೆ ಸೇರಿಸಿದರೆ ಮಗು ಓದಿಕೊಂಡೀತು ಎಂಬ ಆಸೆ, ಇವೇ ಬಹುಮಟ್ಟಿಗೆ ಮಕ್ಕಳನ್ನು ಅಲ್ಲಿಗೆ ತಂದು ಬಿಡುವ ಕಾರಣಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಮನೆಯಲ್ಲಿಯೇ ಪರಿಹಾರವಿದೆ, ಅದೂ ಒಂದು ಮಗುವನ್ನು ಹದಿನೆಂಟು ವರ್ಷ ತುಂಬುವವರೆಗೆ ಬೇರೆಡೆ ಇಟ್ಟು ಸಾಕುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ.

ಖರ್ಚಿನ ಮಾತು ಹಾಗಿರಲಿ, ಮಗುವಿಗೆ ಆಗುವ ನಷ್ಟವೇ ನನ್ನನ್ನು ಹೆಚ್ಚು ಕಾಡುವುದು. ರುಮೇನಿಯಾದಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಜನಸಂಖ್ಯೆ ಹೆಚ್ಚಿಸುವ ಹಟದಿಂದ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾರದ ಮಕ್ಕಳನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಬಡ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಆಶ್ರಯಗಳಿಗೆ ಒಪ್ಪಿಸುತ್ತ ಹೋದವು. 1989ರ ಡಿಸೆಂಬರ್‌ನಲ್ಲಿ ಆ ಆಡಳಿತ ಉರುಳಿದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕನ್ ಸಂಶೋಧಕರು 2000ದಲ್ಲಿ ಬುಖಾರೆಸ್ಟ್ ನಗರದ ಇಂಥ ಆಶ್ರಯಗಳಲ್ಲಿದ್ದ 136 ಎಳೆಯ ಮಕ್ಕಳ ಅಧ್ಯಯನಕ್ಕೆ ತೊಡಗಿ, ಚೀಟಿ ಎತ್ತಿದ ಹಾಗೆ ಆರಿಸಿದ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕು ಕುಟುಂಬಗಳಲ್ಲಿ ಇರಿಸಿದರು. ಮನೆಗೆ ಹೋದ ಮಕ್ಕಳು ಬುದ್ಧಿಮಟ್ಟದಲ್ಲಿ, ಮಾತಿನಲ್ಲಿ, ಒಬ್ಬರನ್ನು ನಂಬಿ ಹಚ್ಚಿಕೊಳ್ಳುವ ಶಕ್ತಿಯಲ್ಲಿ ಉಳಿದವರಿಗಿಂತ ಮುಂದೆ ಬಂದರು. ಅದರಲ್ಲೂ ಸುಮಾರು ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಆ ಆಶ್ರಯಗಳಲ್ಲಿ ಹಾಸಿಗೆಯಿತ್ತು, ಹೊತ್ತುಹೊತ್ತಿಗೆ ಊಟವೂ ಇತ್ತು. ಅತ್ತಾಗ ಎತ್ತಿಕೊಳ್ಳಲು ಪ್ರತಿದಿನ ಅದೇ ಎರಡು ಕೈಗಳು ಬರುತ್ತಿರಲಿಲ್ಲ, ಏಕೆಂದರೆ ಪಾಳಿ ಬದಲಾದಂತೆ ಆಯಾ ಬದಲಾಗುತ್ತಿದ್ದಳು, ಮತ್ತು ಒಬ್ಬಳೇ ಹತ್ತಾರು ಮಕ್ಕಳನ್ನು ನೋಡಿಕೊಳ್ಳಬೇಕಾಗಿತ್ತು. ಅವಳು ಎಷ್ಟೇ ಒಳ್ಳೆಯವಳಾಗಿದ್ದರೂ ಆ ಕೊರತೆಯನ್ನು ತುಂಬಲಾರಳು.

ಇದು ಇತ್ತೀಚೆಗೆ ಹೊಳೆದ ಸತ್ಯವೇನೂ ಅಲ್ಲ. 1909ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಕರೆದ ಸಮಾವೇಶವೇ, ಬಡತನವೊಂದರ ಕಾರಣಕ್ಕೆ ಯಾವ ಮಗುವನ್ನೂ ಮನೆಯಿಂದ ಅಗಲಿಸಬಾರದೆಂದು ಹೇಳಿತ್ತು. ಎರಡು ವರ್ಷಗಳ ನಂತರ ಇಲಿನಾಯ್ ರಾಜ್ಯ ಮಕ್ಕಳನ್ನು ಒಂಟಿಯಾಗಿ ಸಾಕುವ ತಾಯಂದಿರಿಗೆ ಮಾಸಿಕ ನೆರವು ಕೊಡುವ ಕಾನೂನು ತಂದಿತು. ವಿಶ್ವಸಂಸ್ಥೆಯ ಮಹಾಸಭೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆ, ಮಗುವನ್ನು ಬೆಳೆಸುವ ಹೊಣೆ ತಂದೆತಾಯಿಯದಾದರೆ ಅವರಿಗೆ ಬೇಕಾದ ನೆರವು ನೀಡುವ ಹೊಣೆ ಸರ್ಕಾರದ್ದು ಎಂದು ಸ್ಪಷ್ಟಪಡಿಸಿತು. ಮಕ್ಕಳ ಪರ್ಯಾಯ ಪಾಲನೆಯ ಬಗ್ಗೆ ಅದೇ ಮಹಾಸಭೆ ಒಪ್ಪಿದ 2009ರ ಮಾರ್ಗಸೂಚಿಗಳಂತೂ ಬಡತನ ಮಾತ್ರವೇ ಮಗುವನ್ನು ಬೇರ್ಪಡಿಸಲು ಸಮರ್ಥನೆಯಾಗದು, ಅದು ಆ ಕುಟುಂಬಕ್ಕೆ ನೆರವು ಬೇಕಾಗಿದೆ ಎಂಬುದರ ಸೂಚನೆ ಎಂದು ಹೇಳುತ್ತವೆ. ನೂರು ವರ್ಷಗಳ ಅಂತರದಲ್ಲಿ ಅದೇ ಮಾತನ್ನು ಮತ್ತೆ ಬರೆಯಬೇಕಾಯಿತು ಎಂದರೆ, ಆ ಮಾತು ಆಚರಣೆಗೆ ಬಂದಿಲ್ಲವೆಂದೇ ಅರ್ಥ.

ಸದುದ್ದೇಶವಿದ್ದರೆ ಸಾಕು ಎನ್ನುವವರಿಗೆ ನಾನು ಬ್ರಿಟನ್ನಿನ ಬಾಲವಲಸೆಯ ಚರಿತ್ರೆಯನ್ನು ನೆನಪಿಸುತ್ತೇನೆ. 1869ರಿಂದ ಶುರುವಾಗಿ 20ನೇ ಶತಮಾನದ ನಡುಭಾಗ ದಾಟಿದ ಮೇಲೂ, ಹೆಸರಾಂತ ದತ್ತಿ ಸಂಸ್ಥೆಗಳೂ ಚರ್ಚುಗಳೂ ಬಡ ಕುಟುಂಬಗಳ ಮಕ್ಕಳನ್ನು ಹಡಗು ಹತ್ತಿಸಿ ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಕಳುಹಿಸಿದವು. ಕೆನಡಾಕ್ಕೆ ಹೋದ ಮಕ್ಕಳೇ ಸುಮಾರು ಒಂದು ಲಕ್ಷ. ತಂದೆತಾಯಿ ಬದುಕಿದ್ದರೂ ಸತ್ತಿದ್ದಾರೆಂದು ಎಷ್ಟೋ ಮಕ್ಕಳಿಗೆ ಹೇಳಲಾಗಿತ್ತು. ಹೊಲಗಳಲ್ಲಿ, ಆಶ್ರಯಗಳಲ್ಲಿ ದುಡಿಮೆಯನ್ನೂ ಹಿಂಸೆಯನ್ನೂ ಅನುಭವಿಸಿ ಬೆಳೆದ ಆ ಮಕ್ಕಳ ಕ್ಷಮೆಯನ್ನು ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ, ಬ್ರಿಟನ್ ಸರ್ಕಾರ 2010ರಲ್ಲಿ ಅಧಿಕೃತವಾಗಿ ಕೇಳಿದವು. ಅಷ್ಟು ಹೊತ್ತಿಗೆ ಅವರಲ್ಲಿ ಬಹಳಷ್ಟು ಮಂದಿ ತೀರಿಹೋಗಿದ್ದರು. ಹಾಗೆ ಕಳುಹಿಸಿದವರಲ್ಲಿ ಅನೇಕರು ತಾವು ಮಕ್ಕಳನ್ನು ಉದ್ಧಾರ ಮಾಡುತ್ತಿದ್ದೇವೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು ಎಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ದುಃಖಕರವಾಗಿ ಕಾಣುವ ಸಂಗತಿ.

ಹಾಗಾದರೆ ಕುಟುಂಬದೊಳಗೇ ನೆರವಾಗುವುದೆಂದರೆ ಹೇಗೆ? ಒಂದು ಭೇಟಿಯನ್ನು ವಿವರಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಇಬ್ಬರು ಮಕ್ಕಳ ತಾಯಿಯೊಬ್ಬರು ಚಿಕ್ಕ ಮಗುವನ್ನು ಆಶ್ರಮಕ್ಕೆ ಸೇರಿಸಲು ತೀರ್ಮಾನಿಸಿದ್ದರು. ಅರ್ಜಿ ಭರ್ತಿಯಾಗಿತ್ತು, ಸಹಿ ಮಾತ್ರ ಬಾಕಿಯಿತ್ತು. ನಾನು ಜೊತೆಗೆ ಹೋಗಿದ್ದ ಸಮಾಜ ಕಾರ್ಯಕರ್ತೆ ಆ ಅರ್ಜಿಯನ್ನು ಕೈಗೂ ತೆಗೆದುಕೊಳ್ಳದೆ, "ಇದನ್ನ ಆಮೇಲೆ ನೋಡೋಣ ಅಕ್ಕ. ನೀವು ರಾತ್ರಿ ಪಾಳಿಗೆ ಹೋದಾಗ ಮಕ್ಕಳ ಜೊತೆ ಯಾರಿರ್ತಾರೆ?" ಎಂದು ಕೇಳಿದರು. "ದೊಡ್ಡವಳೇ ನೋಡ್ಕೋತಾಳೆ ಮೇಡಂ," ಎಂದರು ಆ ತಾಯಿ, ತಲೆ ತಗ್ಗಿಸಿ. ದೊಡ್ಡವಳಿಗೆ ಆಗ ಹತ್ತೋ ಹನ್ನೊಂದೋ ವರ್ಷ. ರಾತ್ರಿ ತಮ್ಮ ಎದ್ದು ಅತ್ತರೆ ಅವಳೇ ಎತ್ತಿಕೊಂಡು ಕೂರುತ್ತಿದ್ದಳು, ಹಾಗಾಗಿ ಬೆಳಿಗ್ಗೆ ಶಾಲೆಗೆ ಏಳಲು ಆಗುತ್ತಿರಲಿಲ್ಲ. ಶಾಲೆಯಿಂದ ಹಾಜರಾತಿಯ ಬಗ್ಗೆ ಪತ್ರ ಬಂದಿತ್ತು, ಮನೆ ಬಾಡಿಗೆ ಬಾಕಿ ಬಿದ್ದಿತ್ತು, ಮನೆಯ ಯಜಮಾನರು ಖಾಲಿ ಮಾಡಲು ಹೇಳಿದ್ದರು. ಮಾತು ಮುಂದುವರಿದಂತೆ, ಆ ತಾಯಿಗೆ ಮಗುವನ್ನು ಬಿಡುವ ಮನಸ್ಸು ಕಿಂಚಿತ್ತೂ ಇಲ್ಲವೆಂಬುದು, ಇಬ್ಬರಲ್ಲಿ ಒಬ್ಬರಾದರೂ ನೆಮ್ಮದಿಯಾಗಿರಲಿ ಎಂಬ ಲೆಕ್ಕಾಚಾರಕ್ಕೆ ಅವರು ಬಂದಿದ್ದರೆಂಬುದು ತಿಳಿಯಿತು.

ಮುಂದೆ ನಡೆದದ್ದರಲ್ಲಿ ಪವಾಡವೇನೂ ಇಲ್ಲ. ಬಾಕಿ ಬಾಡಿಗೆಯನ್ನು ಸಂಸ್ಥೆ ಕಟ್ಟಿತು. ಕಾರ್ಯಕರ್ತೆ ಕೆಲಸದ ಜಾಗಕ್ಕೆ ಹೋಗಿ ಮೇಲ್ವಿಚಾರಕರೊಂದಿಗೆ ಮಾತಾಡಿ, ಹಗಲು ಪಾಳಿ ಸಿಗುವಂತೆ ಮಾಡಿದರು, ಅದಕ್ಕೆ ಹಲವು ಸಲ ಅಲೆಯಬೇಕಾಯಿತು. ಅಲ್ಲಿಯವರೆಗೆ ರಾತ್ರಿ ಬಂದು ಮಲಗಲು ಪಕ್ಕದ ಮನೆಯ ಅಜ್ಜಿ ಒಪ್ಪಿದರು, ಅವರಿಗೂ ಒಂದಿಷ್ಟು ಗೌರವಧನ ಗೊತ್ತಾಯಿತು. ಚಿಕ್ಕವನಿಗೆ ಹಗಲಿನ ಶಿಶುಪಾಲನಾ ಕೇಂದ್ರದಲ್ಲಿ ಜಾಗ ಸಿಗಬೇಕಾದರೆ ಜನನ ಪ್ರಮಾಣಪತ್ರ ಬೇಕಿತ್ತು, ಅದು ಇರಲಿಲ್ಲ. ಆ ಒಂದು ಕಾಗದಕ್ಕಾಗಿ ನಡೆದ ಓಡಾಟವನ್ನು ನೋಡಿದ ಮೇಲೆ, ಬಡವರು ತಮಗೆ ಹಕ್ಕಾಗಿ ಬರಬೇಕಾದ ಸವಲತ್ತುಗಳನ್ನು ಯಾಕೆ ಪಡೆಯುವುದಿಲ್ಲ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ. ದಿನಗೂಲಿ ಬಿಟ್ಟು ಕಚೇರಿಯ ಸರದಿಯಲ್ಲಿ ನಿಂತು, ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ ಎನಿಸಿಕೊಂಡು ಬರಿಗೈಯಲ್ಲಿ ಮರಳುವ ತಾಯಿಗೆ ಜೊತೆಯಾಗಿ ನಿಲ್ಲುವ ಒಬ್ಬರು ಬೇಕು, ಆ ಒಬ್ಬರಿಗೆ ಯಾವ ಕಚೇರಿಯಲ್ಲಿ ಯಾವ ನಮೂನೆ ಕೊಡಬೇಕೆಂಬುದು ಗೊತ್ತಿರಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಮನೆಭೇಟಿಗಳು ಮುಂದುವರಿದು, ಕೊನೆಗೆ ಆ ಕಡತದಲ್ಲಿ ಮಕ್ಕಳಿಬ್ಬರೂ ತಾಯಿಯೊಂದಿಗಿದ್ದಾರೆ, ಶಾಲೆಗೆ ಹೋಗುತ್ತಿದ್ದಾರೆ, ಪ್ರಕರಣ ಮುಕ್ತಾಯ ಎಂಬ ಷರಾ ಬಿತ್ತು. ವಾರ್ಷಿಕ ವರದಿಯಲ್ಲಿ ಇದು ಒಂದು ಸಾಲೂ ಆಗಲಿಲ್ಲ.

ಈ ಕೆಲಸ ನಡೆಯುವುದು ಸಂಬಳ ಪಡೆಯುವ, ತರಬೇತಿಯಿರುವ, ವರ್ಷಗಟ್ಟಲೆ ಅದೇ ಸಂಸ್ಥೆಯಲ್ಲಿ ಉಳಿಯುವ ಕಾರ್ಯಕರ್ತರಿಂದ. ದಾನಿಗಳಲ್ಲಿ ಅನೇಕರು, ನಮ್ಮ ಹಣವೆಲ್ಲ ಮಕ್ಕಳಿಗೇ ತಲುಪಬೇಕು, ಸಂಬಳಕ್ಕೆ ಹೋಗಬಾರದು ಎಂದು ಷರತ್ತು ಹಾಕುತ್ತಾರೆ. ಕುಟುಂಬಗಳಿಗೆ ನೆರವಾಗುವ ಸಂಸ್ಥೆಯಲ್ಲಿ ಕಾರ್ಯಕರ್ತೆಯ ಸಮಯವೇ ಮಗುವಿಗೆ ತಲುಪುವ ಸೇವೆ ಎಂಬುದನ್ನು ಅವರು ಗಮನಿಸುವುದಿಲ್ಲ. ಆಸ್ಪತ್ರೆಗೆ ಹಣ ಕೊಟ್ಟು, ಅದರಲ್ಲಿ ವೈದ್ಯರಿಗೆ ಏನೂ ಸಲ್ಲಬಾರದು ಎಂದಂತೆ ಇದು. ಒಬ್ಬ ಕಾರ್ಯಕರ್ತೆಯ ತಲೆಯ ಮೇಲೆ ನಿಭಾಯಿಸಲಾಗದಷ್ಟು ಕುಟುಂಬಗಳನ್ನು ಹೊರಿಸಿದರೆ ಮನೆಭೇಟಿ ಹಾಜರಿ ಹಾಕುವ ಶಾಸ್ತ್ರವಾಗುತ್ತದೆ. ಆಗ ಕುಡಿದು ಬಂದು ಹೊಡೆಯುವ ತಂದೆಯ ವಿಷಯ ಹೊರಗೆ ಬರುವುದೇ ಇಲ್ಲ, ಏಕೆಂದರೆ ಅಂಥ ಮಾತು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, ಬಾಗಿಲವರೆಗೆ ಕಳಿಸಲು ಬಂದ ತಾಯಿಯ ಬಾಯಿಂದ ಮೆಲ್ಲಗೆ ಹೊರಡುವಂಥದ್ದು.

ಫೋಟೊಗಳ ಬಗ್ಗೆಯೂ ಹೇಳಲೇಬೇಕು. ಬ್ರಿಟನ್ನಿನ ಸಮಾಜಸೇವಕಿ ಎಗ್ಲಂಟೈನ್ ಜೆಬ್ 1919ರಲ್ಲಿ, ಮೊದಲ ಮಹಾಯುದ್ಧಾನಂತರದ ಆಸ್ಟ್ರಿಯಾದಲ್ಲಿ ಹಸಿವಿನಿಂದ ಬಳಲುತ್ತಿದ್ದ ಮಕ್ಕಳ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನಲ್ಲಿ ಹಂಚಿ ಬಂಧನಕ್ಕೊಳಗಾದರು, ನ್ಯಾಯಾಲಯ ದಂಡ ವಿಧಿಸಿತು. ಅದೇ ವರ್ಷ ಅವರು ಸೇವ್ ದ ಚಿಲ್ಡ್ರನ್ ಕಟ್ಟಿದರು, ಅವರು ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘ ಅಂಗೀಕರಿಸಿತು. ಶತ್ರುದೇಶದ ಮಕ್ಕಳೂ ಮಕ್ಕಳೇ ಎಂದು ಜನರಿಗೆ ಮನಗಾಣಿಸಲು ಅಂದು ಆ ಚಿತ್ರಗಳು ಬೇಕಾಗಿದ್ದವು, ಆ ಧೈರ್ಯಕ್ಕೆ ನನ್ನ ಗೌರವವಿದೆ. ಇಂದಿನ ಸ್ಥಿತಿ ಬೇರೆ. ಅಂತರ್ಜಾಲಕ್ಕೆ ಏರಿದ ಮಗುವಿನ ಮುಖ ಅಲ್ಲಿಂದ ಇಳಿಯುವುದಿಲ್ಲ. ತಾಯಿಗೆ ಬಾಡಿಗೆ ಕಟ್ಟಲಾಗದ ದಿನಗಳಲ್ಲಿ ತೆಗೆದ ಚಿತ್ರವನ್ನು ಆ ಮಗು ದೊಡ್ಡದಾದ ಮೇಲೆ ಸಹಪಾಠಿಗಳು ನೋಡಬಹುದು, ಕೆಲಸ ಕೊಡುವವರು ನೋಡಬಹುದು. ನೆರವಿಗೆ ಬದಲಾಗಿ ಆ ಮಗು ತನ್ನ ಮಾನವನ್ನು ಕೊಡಬೇಕಾಗಿಲ್ಲ. ಹಾಗಾಗಿ ಮಕ್ಕಳ ಮುಖ ತೋರಿಸದೆ, ಹೆಸರು ಹೇಳದೆ ಹಣ ಕೇಳುವ ಸಂಸ್ಥೆಯ ಬಗ್ಗೆ ನನಗೆ ಮೊದಲೇ ಒಂದು ವಿಶ್ವಾಸ ಹುಟ್ಟುತ್ತದೆ.

ಎಲ್ಲ ಮಕ್ಕಳೂ ತಮ್ಮ ಮನೆಯಲ್ಲೇ ಇರಬೇಕು ಎಂದು ನಾನು ವಾದಿಸುತ್ತಿಲ್ಲ. ಮನೆಯೊಳಗೇ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ ನಡೆಯುತ್ತಿದ್ದರೆ ಮಗುವನ್ನು ಅಲ್ಲಿಂದ ಕರೆತರಲು ಒಂದು ದಿನವೂ ತಡಮಾಡಬಾರದು, ಕುಟುಂಬದ ಹೆಸರಿನಲ್ಲಿ ಅದನ್ನು ಮುಚ್ಚಿಹಾಕುವುದು ಮಹಾಪರಾಧ. ಆಗಲೂ ಅಜ್ಜಿಯೋ ಚಿಕ್ಕಮ್ಮನೋ ಮಾವನೋ, ಮಗುವಿಗೆ ಪರಿಚಯವಿರುವ ಸುರಕ್ಷಿತ ಬಂಧುಗಳಿದ್ದಾರೆಯೇ ಎಂದು ಮೊದಲು ಹುಡುಕಬೇಕು. ಅಂಥವರು ಇಲ್ಲದಿದ್ದರೆ ಪರಿಶೀಲನೆಗೊಳಪಟ್ಟ ಸಾಕು ಕುಟುಂಬ ಅಥವಾ ದತ್ತು, ಅದೂ ಆಗದಿದ್ದಾಗ ಕೆಲವೇ ಮಕ್ಕಳಿರುವ, ಮನೆಯಂತೆ ನಡೆಯುವ ಸಣ್ಣ ಆಶ್ರಯ. ತಂದೆತಾಯಿ ನಿಜವಾಗಿಯೂ ಇಲ್ಲದ, ಹೋಗಲು ಜಾಗವೇ ಇಲ್ಲದ ಮಕ್ಕಳನ್ನು ಇಂಥ ಆಶ್ರಯಗಳಲ್ಲಿ ಅಕ್ಕರೆಯಿಂದ ಸಾಕುತ್ತಿರುವವರನ್ನು ನಾನು ಬಲ್ಲೆ, ಅವರ ಶ್ರಮವನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಮಕ್ಕಳ ಸಂಖ್ಯೆ ತುಂಬಿದ್ದರೆ ಮಾತ್ರ ದೇಣಿಗೆ ಬರುತ್ತದೆ ಎಂಬ ವ್ಯವಸ್ಥೆಯನ್ನು ದಾನಿಗಳಾದ ನಾವೇ ಕಟ್ಟಿಟ್ಟಿದ್ದೇವೆ, ನನ್ನ ಆಕ್ಷೇಪ ಅದರ ಮೇಲೆ. ಹಾಸಿಗೆ ಖಾಲಿಯಾದರೆ ಹಣ ನಿಲ್ಲುತ್ತದೆ ಎಂದಾದಾಗ, ಮಗುವನ್ನು ಮನೆಗೆ ಮರಳಿಸುವ ಉತ್ಸಾಹ ಎಷ್ಟು ಒಳ್ಳೆಯ ಸಂಸ್ಥೆಯಲ್ಲಿಯೂ ಕುಂದುತ್ತದೆ.

ಹಾಗಾಗಿ ಕೊಡುವ ಮೊದಲು ಕೇಳಿ. ಕಳೆದ ವರ್ಷ ನಿಮ್ಮಲ್ಲಿಗೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಮನೆಗೆ ಮರಳಿದರು, ಮರಳಿದ ಮೇಲೆ ಅವರನ್ನು ಯಾರು ಹೋಗಿ ನೋಡುತ್ತಾರೆ, ಎಷ್ಟು ದಿನದವರೆಗೆ? ತಂದೆತಾಯಿ ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಬಹುದೇ? ನಿಮ್ಮ ಸಿಬ್ಬಂದಿಯಲ್ಲೇ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಮಗು ಯಾರಿಗೆ ಹೇಳಬೇಕೆಂದು ಅದಕ್ಕೆ ಗೊತ್ತಿದೆಯೇ? ಈಗಾಗಲೇ ನೀವು ಆಶ್ರಮವೊಂದಕ್ಕೆ ಕೊಡುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅಲ್ಲಿರುವ ಮಕ್ಕಳು ಬೀದಿಗೆ ಬೀಳಬಾರದು. ಮಕ್ಕಳನ್ನು ಮನೆಗೆ ಮರಳಿಸುವ ಕೆಲಸಕ್ಕೂ ಇದೇ ಹಣವನ್ನು ಬಳಸಿ, ಹಾಸಿಗೆ ಖಾಲಿಯಾಯಿತೆಂದು ನಾವು ಕೈಬಿಡುವುದಿಲ್ಲ ಎಂದು ಬರೆದು ತಿಳಿಸಿ. ಹೊಸದಾಗಿ ಕೊಡುವವರಿಗೆ ನನ್ನ ಸಲಹೆಯೆಂದರೆ, ಸ್ವಲ್ಪವೇ ಆದರೂ ತಿಂಗಳು ತಿಂಗಳು ಕೊಡಿ, ಇಂಥ ಮಗುವಿಗೆ, ಇಂಥ ಕೆಲಸಕ್ಕೆ ಎಂಬ ಷರತ್ತಿಲ್ಲದೆ ಕೊಡಿ. ಬಾಡಿಗೆಗೆ ಗಡುವು ಮುಗಿಯುವ ಸಂಜೆ ಕಾರ್ಯಕರ್ತೆಯ ಕೈಯಲ್ಲಿ ಹಣವಿರುವುದು ಹಾಗೆ ಕೊಟ್ಟವರಿಂದಲೇ.