ಗಂಡಸಿಗೆ ಎಡಗಣ್ಣು ಹಾರಿದರೆ ಕೇಡಂತೆ, ನನಗೆ 2019ರಿಂದ ಹಾರುತ್ತಿದೆ

ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವನಿಗೆ ಬರಬಾರದ ಕಾಯಿಲೆ ಅಂತ ಒಂದಿದ್ದರೆ ಅದು ನನಗೆ ಬಂದಿರುವುದೇ. ನನ್ನ ಎಡಗಣ್ಣು ನನ್ನನ್ನು ಕೇಳದೆ ಮುಚ್ಚಿಕೊಳ್ಳುತ್ತದೆ. ನೋಡಿದವರಿಗೆ ಕಣ್ಣು ಹೊಡೆದ ಹಾಗೇ ಕಾಣುತ್ತದೆ. ಎದುರಿಗೆ ಕೂತವರೆಲ್ಲ ಹೆಣ್ಣುಮಕ್ಕಳು. ಉಳಿದದ್ದು ನಿಮಗೆ ಗೊತ್ತಾಗಿರಬೇಕು.

2019ರ ಬೇಸಿಗೆಯಲ್ಲಿ ಶುರುವಾಯಿತು. ಮೊದಲು ಕೆಳರೆಪ್ಪೆಯಲ್ಲಿ ಸಣ್ಣದಾಗಿ, ಚರ್ಮದ ಕೆಳಗೆ ಇರುವೆ ಹರಿದಾಡಿದ ಹಾಗೆ. ಕೊಪ್ಪಳದ ಬಿಸಿಲಿಗೆ ಇರಬೇಕು ಅಂದುಕೊಂಡೆ. ಅವ್ವ ಮಾತ್ರ ಗಾಬರಿಯಾದಳು. "ಗಂಡಸ್ರಿಗೆ ಎಡಗಣ್ಣು ಹಾರಿದ್ರ ಚಲೋ ಅಲ್ಲೋ ಯಪ್ಪಾ" ಅಂತ ಜೋಳದ ರವದಿಯ ಚೂರು ಹರಿದು, ಎಂಜಲು ಹಚ್ಚಿ ರೆಪ್ಪೆಗೆ ಅಂಟಿಸಿದಳು. ಮರೆತು ಹಾಗೇ ಅಂಗಡಿಗೆ ಹೋಗಿದ್ದೆ. ಸಾವ್ಕಾರರು "ಏನೋ ಅದು ಕಣ್ಣಾಗ ಕಸ" ಅಂದಾಗಲೇ ನೆನಪಾಗಿದ್ದು. ಮರುವರ್ಷ ಕೊರೊನಾ ಬಂತು. ಅವ್ವ ಅದಕ್ಕೂ ನನ್ನ ಕಣ್ಣನ್ನೇ ಬೈದಳು.

ಅಷ್ಟರಲ್ಲಿ ಹಾರುವುದು ಕೆನ್ನೆಗೆ ಇಳಿದು ಬಾಯಿಯ ತುದಿಯನ್ನೂ ಎಳೆಯತೊಡಗಿತ್ತು. ಮಾಸ್ಕ್ ಬಾಯಿಯನ್ನು ಮುಚ್ಚಿತು, ಸರಿ. ಆದರೆ ಮುಖದಲ್ಲಿ ಕಣ್ಣೊಂದೇ ಕಾಣುತ್ತಿದ್ದರೆ ಅದು ಮಾಡುವ ಕಿತಾಪತಿ ಇನ್ನೂ ಎದ್ದು ಕಾಣುತ್ತದೆ ಅಲ್ವಾ? ಅಂಗಡಿ ಮತ್ತೆ ತೆರೆದ ಹೊಸತರಲ್ಲಿ ಯಲಬುರ್ಗಾ ಕಡೆಯವರೊಬ್ಬರು ಮದುವೆ ಜವಳಿ ತೆಗೆಯಲು ಬಂದಿದ್ದರು. ಹುಡುಗಿ ಇಳಕಲ್ ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಹಿಂದೆ ಸೆರಗಿನ ತುದಿ ಹಿಡಿದು ನಿಂತಿದ್ದವನು ನಾನು. ಕನ್ನಡಿಯಲ್ಲಿ ನನ್ನ ಕಣ್ಣು ಎರಡು ಸಲ ಮುಚ್ಚಿ ತೆರೆಯಿತು. ನಾನು ನೋಡಿದೆ. ಅವಳೂ ನೋಡಿದಳು. ಅವಳ ಅಣ್ಣನೂ ನೋಡಿದ. "ಯಾಕಲೇ, ಕಣ್ಣು ಹೊಡಿತಿ?" ಅಂತ ಕಾಲರ್‌ಗೆ ಕೈ ಹಾಕಿದ. ಸಾವ್ಕಾರರು ಬಂದು ಬಿಡಿಸಿದರು. ಮದುವೆಯವರು ಎದುರಿನ ಅಂಗಡಿಗೆ ಹೋದರು. ನಾನು ಬಿಚ್ಚಿ ಹರಡಿದ್ದ ಹನ್ನೊಂದು ಸೀರೆಗಳನ್ನು ಒಂದೊಂದಾಗಿ ಮಡಚಿ ಇಟ್ಟೆ. ಮಡಚುವಾಗಲೂ ಅದು ಹಾರುತ್ತಲೇ ಇತ್ತು.

ಕಪ್ಪು ಕನ್ನಡಕ ಹಾಕಿಕೋ ಅಂದರು ಕೆಲವರು. ಕಪ್ಪು ಕನ್ನಡಕ ಹಾಕಿಕೊಂಡು "ಇದು ಹಸಿರಲ್ರೀ ಅಕ್ಕಾರ, ಗಿಳಿಹಸಿರು" ಅಂದರೆ ಯಾರಾದರೂ ನಂಬುತ್ತಾರಾ?

ಎರಡು ವರ್ಷ ನಾನು ಕೇಳಿದ್ದು ಎರಡೇ ಮಾತು. ಒಂದು, "ಟೆನ್ಷನ್ ಮಾಡ್ಕೋಬ್ಯಾಡ". ಇನ್ನೊಂದು, "ತಾನೇ ಹೋಗ್ತೈತಿ ಬಿಡು". ಡಾಕ್ಟರೂ ವೀಕ್‌ನೆಸ್ ಅಂತ ವಿಟಮಿನ್ ಗುಳಿಗೆ ಬರೆದುಕೊಟ್ಟರು. ಲಕ್ವ ಅಂತ ಹೆದರಿಸಿ ನಾಟಿ ಔಷಧಿಗೆ ಕರೆದುಕೊಂಡು ಹೋದವರೂ ಇದ್ದರು. ಲಕ್ವದಲ್ಲಿ ಮುಖದ ಒಂದು ಕಡೆ ಸೋಲುತ್ತದೆ, ಅಲುಗಾಡುವುದಿಲ್ಲ. ನನ್ನದು ಸುಮ್ಮನಿರಲಾರದ ಮುಖ. ಎರಡೂ ತದ್ವಿರುದ್ಧ, ಆದರೆ ಆಗ ನನಗೇನು ಗೊತ್ತು.

ಟೆನ್ಷನ್ ಕಥೆಯನ್ನು ಮುಗಿಸಿದವಳು ನನ್ನ ಹೆಂಡತಿ. ಒಂದು ರಾತ್ರಿ ಎಬ್ಬಿಸಿ, "ನಿದ್ದ್ಯಾಗೂ ಹಾರಾಕತ್ತೈತ್ರಿ" ಅಂದಳು. ಮಲಗಿದವನಿಗೆ ಏನು ಟೆನ್ಷನ್? ಬೆಂಗಳೂರಿನ ನರರೋಗ ತಜ್ಞರಿಗೆ ಇದನ್ನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಈ ಕಾಯಿಲೆ ನಿದ್ದೆಯಲ್ಲೂ ಬಿಡುವುದಿಲ್ಲವಂತೆ. ಹೆಸರು ಹೆಮಿಫೇಸಿಯಲ್ ಸ್ಪಾಸಂ, ಅಂದರೆ ಅರ್ಧ ಮುಖದ ಸೆಳೆತ. ಮುಖವನ್ನು ಆಡಿಸುವುದು ಮಿದುಳಿನಿಂದ ಹೊರಡುವ ಏಳನೇ ನರ. ಅದು ಹೊರಡುವ ಜಾಗದಲ್ಲೇ ಒಂದು ರಕ್ತನಾಳ ಬಾಗಿ ಬಂದು ಅದಕ್ಕೆ ಒತ್ತಿಕೊಂಡಿರುತ್ತದೆ. ಎದೆ ಬಡಿದ ಹಾಗೆ ಆ ನಾಳವೂ ಬಡಿಯುತ್ತದೆ. ಬಡಿದು ಬಡಿದು ನರದ ಮೇಲಿನ ಹೊದಿಕೆ ಸವೆಯುತ್ತದೆ. ಕರೆಂಟ್ ವೈರಿನ ಪ್ಲಾಸ್ಟಿಕ್ ಸವೆದು ಶಾರ್ಟ್ ಆದ ಹಾಗೆ ಅಂತ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ನನ್ನ ಎಂಆರ್‌ಐನಲ್ಲೂ ಆ ನಾಳ ಕಂಡಿತು. ಟೆನ್ಷನ್ ಆದರೆ, ದಣಿದರೆ ಹಾರುವುದು ಜಾಸ್ತಿಯಾಗುತ್ತದೆ, ನಿಜ. ಆದರೆ ಟೆನ್ಷನ್‌ನಿಂದ ಬಂದದ್ದಲ್ಲ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದು. ಎರಡು ವರ್ಷ ತಪ್ಪು ನನ್ನದೇ ಅಂದುಕೊಂಡಿದ್ದೆ.

ಮದ್ದು ಅಂದರೆ ಬೊಟಾಕ್ಸ್ ಸೂಜಿ, ಸ್ನಾಯುವನ್ನು ಕೆಲ ಕಾಲ ಸಡಿಲ ಮಾಡುವಂಥದ್ದು. ಅಂಗಡಿಯಲ್ಲಿ ಹೇಳಿದಾಗ "ಹೀರೋ ಆಗ್ತೀಯೇನಪಾ" ಅಂತ ನಕ್ಕರು. ನೆರಿಗೆ ತೆಗೆಯಲು ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮೆಳ್ಳಗಣ್ಣಿಗೆ ಮತ್ತು ನನ್ನಂಥ ಹಾರುಗಣ್ಣಿಗೆ 1989ರಲ್ಲೇ ಸಿಕ್ಕಿತ್ತು. ಅಂದರೆ ಸಿನಿಮಾದವರಿಗಿಂತ ನಾವೇ ಹಳೇ ಗಿರಾಕಿಗಳು.

ಕಣ್ಣಿನ ಸುತ್ತ, ಕೆನ್ನೆಗೆ ಸಣ್ಣ ಸಣ್ಣ ಚುಚ್ಚು. ಕೆಲವೇ ದಿನಗಳಲ್ಲಿ ಮುಖ ತಣ್ಣಗಾಗುತ್ತದೆ. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಆಮೇಲೆ ಮತ್ತೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಬೆಂಗಳೂರು. ಒಂದು ಸಲಕ್ಕೆ ಅರ್ಧ ತಿಂಗಳ ಪಗಾರಕ್ಕಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಮದುವೆ ಸೀಸನ್‌ಗೆ ಎರಡು ವಾರ ಮೊದಲು ಹೋಗಿ ಬರುತ್ತೇನೆ. ಎಡಗಡೆ ನಗು ಸ್ವಲ್ಪ ಸೊಟ್ಟಗಾಗುತ್ತದೆ. ಪರವಾಗಿಲ್ಲ, ಕಾಲರ್ ಉಳಿಯುತ್ತದೆ.

"ಪೂರ್ತಿ ಗುಣ ಆಗದಿದ್ದ ಮೇಲೆ ಸೂಜಿ ಯಾಕೆ?" ಅಂತ ಕೇಳುವವರಿದ್ದಾರೆ. ರಾತ್ರಿ ಮತ್ತೆ ಹಸಿವಾಗುತ್ತದೆ ಅಂತ ಬೆಳಿಗ್ಗೆ ರೊಟ್ಟಿ ಬಿಟ್ಟವರನ್ನು ನಾನಂತೂ ನೋಡಿಲ್ಲ.

ಆಸೆ ಇಲ್ಲವೇ? ಇದೆ. 2023ರಲ್ಲಿ ಸೂಜಿಯ ಬಲ ಮುಗಿಯುವ ಹೊತ್ತು ದಾಟಿದರೂ ಹಾರಲಿಲ್ಲ. ನಾಲ್ಕು ತಿಂಗಳಾಯಿತು. ನಾಲ್ಕೂವರೆ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ನೋಡುವುದನ್ನೇ ಬಿಟ್ಟೆ, ದೃಷ್ಟಿಯಾದೀತು ಅಂತ. ತಾನಾಗಿಯೇ ನಿಲ್ಲುವುದು ಅಪರೂಪ ಅಂತ ಡಾಕ್ಟರ್ ಹೇಳಿದ್ದರು. ಆ ಅಪರೂಪದವನು ನಾನೇ ಯಾಕಾಗಬಾರದು? ಒಂದು ಸಂಜೆ ಗಾಡಿ ಮುಂದೆ ನಿಂತು ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದೆ. ಮಿರ್ಚಿ ಕಡಿದೆ. ಕೆಳರೆಪ್ಪೆಯಲ್ಲಿ ಅದೇ ಇರುವೆ. ಮಿರ್ಚಿ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಗಾಡಿಯವನಿಗೆ ಹೇಳಿದೆ.

ಆವತ್ತಿನಿಂದ ನಾನು ಅದನ್ನು ಗುಣ ಅನ್ನುವುದಿಲ್ಲ, ಬಿಡುವು ಅನ್ನುತ್ತೇನೆ. ಮಳೆ ಬಿಡುವು ಕೊಟ್ಟಾಗ ಹಪ್ಪಳ ಒಣಗಿಸಿಕೊಳ್ಳುತ್ತೇವಲ್ಲ, ಹಾಗೆ. ಬುಡಕ್ಕೇ ಕೈ ಹಾಕುವ ಆಪರೇಷನ್ ಕೂಡ ಇದೆ. ಕಿವಿಯ ಹಿಂದೆ ಸಣ್ಣ ತೂತು ಮಾಡಿ, ನರಕ್ಕೂ ನಾಳಕ್ಕೂ ನಡುವೆ ಟೆಫ್ಲಾನ್ ಚೂರು ಇಡುತ್ತಾರೆ, ನಮ್ಮ ದೋಸೆ ತವೆಗೆ ಹಚ್ಚಿರುತ್ತದಲ್ಲ, ಅದೇ ಜಾತಿಯದು. ಹೆಚ್ಚಿನವರಿಗೆ ನಿಂತುಹೋಗುತ್ತದೆ. ಆದರೆ ಆ ಕಡೆಯ ಕಿವಿ ಹೋಗುವ ಅಪಾಯ ಸ್ವಲ್ಪ ಇದೆ. ನಾನಿನ್ನೂ ಮನಸ್ಸು ಮಾಡಿಲ್ಲ. ಗಿರಾಕಿ ಚೌಕಾಸಿ ಮಾಡುವಾಗ ಕಿವಿ ಬೇಕು.

ನನ್ನ ಸಿಟ್ಟು ಆ "ತಾನೇ ಹೋಗ್ತೈತಿ" ಮೇಲೆ ಮಾತ್ರ. ನಿದ್ದೆಗೆಟ್ಟಾಗ ರೆಪ್ಪೆ ಹಾರುವುದು ಎಲ್ಲರಿಗೂ ಇದ್ದದ್ದೇ, ಕೆಲ ದಿನದಲ್ಲಿ ಹೋಗುತ್ತದೆ. ಒಂದೇ ಕಡೆ ಹಾರುತ್ತಾ ಹಾರುತ್ತಾ ಕೆನ್ನೆಗೆ, ಬಾಯಿಗೆ ಇಳಿದರೆ ಅದು ಬೇರೆ. ಅದಕ್ಕೆ ಕಾಯಬೇಡಿ, ನರದ ಡಾಕ್ಟರಿಗೆ ತೋರಿಸಿ.

ಕಳೆದ ತಿಂಗಳು ಮುದುಕಿಯೊಬ್ಬರು ಸೀರೆ ನೋಡುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಸೂಜಿಯ ಕೊನೆಯ ವಾರಗಳು, ಹಾರಲು ಶುರುವಾಗಿತ್ತು. ಬೈಯುತ್ತಾರೆ ಅಂದುಕೊಂಡೆ. "ನಮ್ಮ ಸೊಸಿಗೂ ಹಿಂಗ ಆಗಾಕತ್ತೈತಿ ತಮ್ಮಾ. ನೀ ಎಲ್ಲಿ ತೋರಿಸಿದಿ?" ಅಂದರು. ಬಿಲ್ಲಿನ ಹಿಂದೆ ಕಾಯಿಲೆಯ ಹೆಸರು ಬರೆದುಕೊಟ್ಟೆ. ಡಾಕ್ಟರರ ಚಿತ್ರವನ್ನೂ ಬರೆಯಲು ಹೋದೆ, ವೈರು ಹೋಗಿ ಹಾವಿನ ಹಾಗೆ ಬಂತು. "ಆರಾಮ ಆಗ್ತೈತಿಲ್ಲೋ?" ಅಂತ ಕೇಳಿದರು. "ಮೂರು ತಿಂಗಳು ಆಗ್ತೈತ್ರಿ ಅವ್ವಾರ, ಆಮ್ಯಾಲ ಮತ್ತ ಮೂರು ತಿಂಗಳು" ಅಂದೆ. ಚೀಟಿಯನ್ನು ಮಡಚಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಸೀರೆಗೆ ಇನ್ನೂರು ರೂಪಾಯಿ ಕಮ್ಮಿ ಮಾಡಿಸಿಕೊಂಡೇ ಎದ್ದರು.