'ನೋಲಾ' ನಿಧಾನ, ನಿಜ. ಆದರೆ ಬೋರ್ ಅಲ್ಲ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಡೌನ್‌ನ 1995ರ 'ನೋಲಾ' ಆಲ್ಬಮ್ ಬಗ್ಗೆ ನೀವು ಬರೆದದ್ದರಲ್ಲಿ ಅರ್ಧ ಒಪ್ಪುತ್ತೇನೆ. 'ಎಲ್ಲಾ ಹಾಡೂ ಒಂದೇ ತರ, ಎಳೆದಾಟ ಜಾಸ್ತಿ' ಅಂದಿರಲ್ಲ, ಅದನ್ನು ಮಾತ್ರ ಒಪ್ಪೋಕಾಗಲ್ಲ.

ಫಿಲ್ ಆನ್ಸೆಲ್ಮೋ ಹಾಡಿದ್ದಾರೆ ಅಂತ ಅವರ ಇನ್ನೊಂದು ಮೆಟಲ್ ಬ್ಯಾಂಡ್ ಪ್ಯಾಂಟೆರಾದ ವೇಗ ಹುಡುಕಿದರೆ ನಿರಾಸೆ ಗ್ಯಾರಂಟಿ. ಮೊದಲ ಸಲ ನನಗೂ ಹಾಗೇ ಆಗಿತ್ತು. ಇದು ನ್ಯೂ ಆರ್ಲಿಯನ್ಸ್ ಸಂಗೀತ, ಹೆಸರಲ್ಲೇ ಊರಿದೆ: ನೋಲಾ ಅಂದರೆ 'ನ್ಯೂ ಆರ್ಲಿಯನ್ಸ್, ಲೂಸಿಯಾನಾ'. ಹಳೆಯ ಬ್ರಿಟಿಷ್ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಭಾರಕ್ಕೆ ಅಲ್ಲಿನ ಬ್ಲೂಸ್ ಬೆರೆತಿದೆ. ಪೆಪ್ಪರ್ ಕೀನನ್, ಕರ್ಕ್ ವಿಂಡ್‌ಸ್ಟೀನ್ ಇಬ್ಬರ ಗಿಟಾರ್ ಸೇರಿದಾಗ ಕೆಸರಲ್ಲಿ ಲಾರಿ ನಡೆದ ಹಾಗೆ ಕೇಳಿಸುತ್ತದೆ. ಡ್ರಮ್ಸ್ ಗಮನಿಸಿದಿರಾ? ಐಹೇಟ್‌ಗಾಡ್ ಅನ್ನೋ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುವ ಜಿಮ್ಮಿ ಬೋವರ್ ಇಲ್ಲಿ ಡ್ರಮ್ಸ್‌ಗೆ ಕೂತಿದ್ದಾರೆ. ಪ್ರತಿ ಪೆಟ್ಟೂ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ನೀವು ಎಳೆದಾಟ ಅಂದದ್ದು ಇದಕ್ಕೇ ಇರಬೇಕು. ನನಗೆ ಮಜಾ ಇರೋದೇ ಅಲ್ಲಿ.

ಎಲ್ಲಾ ಒಂದೇ ತರ ಅಂದರೆ 'ಜೈಲ್' ಹಾಡು ಬಿಟ್ಟು ಕೇಳಿದಿರಾ? ಅದರಲ್ಲಿ ಅಬ್ಬರವೇ ಇಲ್ಲ, ಹೊಗೆಯ ಹಾಗೆ ತೇಲುತ್ತದೆ. ಹಾಂ, ನಡುವೆ ಒಂದೆರಡು ಹಾಡು ಇಲ್ಲದಿದ್ದರೂ ನಡೆಯುತ್ತಿತ್ತು, ಅದು ನಿಮ್ಮ ಮಾತೇ ಸರಿ.

ಒಂದು ವಿನಂತಿ, ಇದನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ. ಮೊನ್ನೆ ದೊಡ್ಡ ಸ್ಪೀಕರ್‌ನಲ್ಲಿ ಕೊನೆಯ ಹಾಡು ಹಾಕಿದ್ದೆ. ಪಕ್ಕದಲ್ಲಿದ್ದ ಸ್ಟೀಲ್ ಲೋಟ ಗಡಗಡ ನಡುಗಿತು. ಅಡುಗೆಮನೆಯಿಂದ ಅಮ್ಮ, 'ಮಿಕ್ಸಿ ಯಾರೋ ಹಾಗೇ ಬಿಟ್ಟಿದ್ದು?' ಅಂತ ಕೂಗಿದರು.