ಸೈಕಲ್ ಕಡ್ಡಿಯೂ ತಕ್ಕಡಿಯೂ

ಜರ್ಮನಿಯ ಬ್ರೆಮೆನ್‌ಗೆ ಬಂದ ಮೇಲೆ ಕಿಟ್ ತಂದು ಕಟ್ಟಿದ, ರಿಮೋಟಿನಿಂದ ಹಾರುವ ನನ್ನ ಮೊದಲ ಮಾಡೆಲ್ ಜೆಟ್ ಇನ್ನೂ ಹಾರಿರಲಿಲ್ಲ. ಇಲ್ಲಿನ ಮಾಡೆಲ್ ವಿಮಾನ ಕ್ಲಬ್ಬಿನ ಹಿರಿಯರೊಬ್ಬರು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಅದನ್ನು ಎತ್ತಿದರು. ಬಾಲ ಕೆಳಗೆ ವಾಲಿತು, ಅಂದರೆ ತೂಕದ ಸಮತೋಲ ಇರಲಿಲ್ಲ. "ಇವತ್ತು ಬೇಡ" ಅಂದರು, ಅಷ್ಟೇ. ನನಗೆ ತುಂಬಾ ಬೇಜಾರಾಯಿತು. ದಾವಣಗೆರೆಯಲ್ಲಾಗಿದ್ದರೆ ಮೂಗಿಗೊಂದು ನಟ್ಟು ಅಂಟಿಸಿ ಹಾರಿಸಿಬಿಡುತ್ತಿದ್ದೆವು.

ನಾವು ಕಲಿತದ್ದೇ ಹಾಗೆ. ಥರ್ಮಾಕೋಲ್ ಕತ್ತರಿಸುವುದು, ಫೆವಿಕಾಲ್ ಹಚ್ಚುವುದು, ಸರ್ವೋ ಎಂಬ ಪುಟ್ಟ ಮೋಟಾರಿನಿಂದ ಎಲಿವೇಟರ್‌ಗೆ, ಅಂದರೆ ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿಗೆ, ಸೈಕಲ್ ಕಡ್ಡಿ ಕೊಡುವುದು. ಮೋಟಾರು ಬೆಂಗಳೂರಿನ ಎಸ್.ಪಿ. ರೋಡಿಂದ ಬರುತ್ತಿತ್ತು. ಬೆಳಗ್ಗೆ ಬಿದ್ದು ಮುರಿದದ್ದು ಸಂಜೆಗೆ ಮತ್ತೆ ಮೇಲೇಳುತ್ತಿತ್ತು.

ಆದರೆ ಜೆಟ್ಟಿನ ಸ್ವಭಾವವೇ ಬೇರೆ. ಮೂಗಿನ ಮುಂದೆ ಪ್ರೊಪೆಲ್ಲರ್ ಇಲ್ಲ. ಹೊಟ್ಟೆಯೊಳಗಿನ ಕೊಳವೆಯಲ್ಲಿ 70 ಮಿ.ಮೀ. ಫ್ಯಾನ್ ತಿರುಗುತ್ತದೆ. ಪ್ರೊಪೆಲ್ಲರಿನ ಗಾಳಿ ಬಾಲದ ಮೇಲೆ ಬೀಸದ ಕಾರಣ, ವೇಗ ತಗ್ಗಿದರೆ ಎಲಿವೇಟರ್ ಹೇಳಿದ ಮಾತು ಕೇಳುವುದಿಲ್ಲ. ಥ್ರಾಟಲ್ ಕೊಟ್ಟರೂ ಫ್ಯಾನ್ ವೇಗ ಹಿಡಿಯಲು ಒಂದು ಕ್ಷಣ ಬೇಕು. ಇಳಿಯುವಾಗ ಆ ಒಂದು ಕ್ಷಣ ಬಹಳ ದೊಡ್ಡದು. ಆರು ಸೆಲ್ಲಿನ ಲೈಪೋ ಬ್ಯಾಟರಿಯಲ್ಲಿ ನನಗೆ ಸಿಗುವುದು ನಾಲ್ಕೇ ನಿಮಿಷದ ಹಾರಾಟ.

ಕಿಟ್ಟಿನ ಚಿಕ್ಕ ಚಕ್ರಗಳು ಇಲ್ಲಿನ ಹುಲ್ಲಿಗೆ ಆಗಲಿಲ್ಲ, ದೊಡ್ಡವು ಹಾಕಿದ್ದೆ. ರೆಕ್ಕೆಗೆ ಕಾರ್ಬನ್ ಕೊಳವೆ ಸೇರಿಸಿದ್ದೆ. ಫ್ಯಾನಿಗೆ ಗಾಳಿ ಸಾಲಲೆಂದು ಹೊಟ್ಟೆಯಡಿ ಇನ್ನೊಂದು ಕಿಂಡಿ ಕೊರೆದಿದ್ದೆ. ಒಂದನ್ನೂ ತೂಗಿರಲಿಲ್ಲ. ಬಾಲ ವಾಲಿದ್ದು ಅದಕ್ಕೇ. ಮನೆಗೆ ಬಂದು ಸ್ಕ್ರೂ ಸಮೇತ ಎಲ್ಲ ತೂಗಿ ಬರೆದೆ. ಮೂಗಿಗೆ ಸೀಸದ ತೂಕ ಹಾಕದೆ ಬ್ಯಾಟರಿಯನ್ನೇ 4 ಸೆಂ.ಮೀ. ಮುಂದೆ ಸರಿಸಿದೆ. ಮುಂದಿನ ಭಾನುವಾರ ಅದೇ ಹಿರಿಯರು ವಿಮಾನ ಹಿಡಿದು ನಿಂತರು. ನಾನು ರಿಮೋಟಿನ ಸಿಗ್ನಲ್ ತಗ್ಗಿಸಿ ದೂರ ನಡೆದು ಪರೀಕ್ಷಿಸಿದೆ. ಆಮೇಲೆ ಹಾರಿಸಿದೆವು. ನೇರವಾಗಿ ಎದ್ದಿತು.

ಜರ್ಮನಿಯಲ್ಲಿ ಮಾಡೆಲ್ ಹಾರಿಸಲು ವಿಮೆ ಕಡ್ಡಾಯ. 250 ಗ್ರಾಂ ದಾಟಿದರೆ ನೋಂದಣಿ ಸಂಖ್ಯೆಯೂ ಬೇಕು. ಊರಿನ ಗೆಳೆಯರಿಗೆ ಇದೆಲ್ಲ ಸುಮ್ನೆ ಕಿರಿಕಿರಿ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಎರಡು ಕಿಲೋ ತೂಕದ್ದು ಗಂಟೆಗೆ ನೂರು ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬರುವಾಗ ಕೆಳಗೆ ಯಾರದೋ ಮಗು ಇರಬಹುದು ಅಲ್ವಾ? ನಮ್ಮೂರಿನ ಹುಡುಗರು ಕ್ರಿಕೆಟ್ ಆಡುವವರ ನಡುವೆ, ಕರೆಂಟ್ ತಂತಿಗಳ ಪಕ್ಕದಲ್ಲಿ ಹಾರಿಸುತ್ತಾರೆ. ಅವರ ಕೈಯಲ್ಲಿ ಕಸುಬಿದೆ. ಜಿಲ್ಲೆಗೊಂದು ಬಯಲು ಸಿಗಬೇಕು. ಅಲ್ಲಿ "ಇವತ್ತು ಬೇಡ" ಅನ್ನುವ ಒಬ್ಬ ಹಿರಿಯರೂ ಇರಬೇಕು.

ಇಲ್ಲಿ ನಾನು ಕಂಡವರು ಏನಾದರೂ ಮುರಿದರೆ ಹೊಸ ಭಾಗ ತರಿಸುತ್ತಾರೆ. ನನ್ನ ಜೆಟ್ಟಿನ ಮೂಗು ಮುರಿದಾಗ ಬಿಸಿನೀರು ಸುರಿದು ಫೋಮ್ ಉಬ್ಬಿಸಿ, ಬಿದಿರಿನ ಕಡ್ಡಿ ಕೊಟ್ಟು ಅಂಟಿಸಿದೆ. ಆ ಹಿರಿಯರು ಕುರ್ಚಿ ಎಳೆದುಕೊಂಡು ಪಕ್ಕ ಕೂತು, ಮುಗಿಯುವವರೆಗೂ ನೋಡಿದರು.

ಈ ಬ್ರೆಮೆನ್‌ನ ಫೋಕೆವುಲ್ಫ್ ಕಂಪನಿಯಲ್ಲಿ ವಿಮಾನ ರೂಪಿಸುತ್ತಿದ್ದ ಕುರ್ಟ್ ಟ್ಯಾಂಕ್, ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ್ ಎಂಬ ಯುದ್ಧ ಜೆಟ್ ರೂಪಿಸಿದರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಕ್ಲಬ್ಬಿನ ಆ ಹಿರಿಯರೂ ನಾನೂ ಸೇರಿ ಈಗ ಮಾರುತ್ ಮಾಡೆಲ್ ಕಟ್ಟುತ್ತಿದ್ದೇವೆ. ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ಮಾರುತ್‌ನ ಗಾಳಿಕಿಂಡಿಯ ಫೋಟೋ ತೆಗೆದು ಕಳಿಸು ಅಂತ ತಮ್ಮನಿಗೆ ಹೇಳಿದ್ದೇನೆ.